ಬೆರಳ ಸನ್ನೆಯ ಗ್ಲೌಸ್ ಹಾಕಿಕೊಂಡು ಡಿಟಿಪಿ ಕೆಲಸ ಮಾಡಬಹುದಾ?

ಅರ್ಜಿ ಅಂಗಡಿ (ಮಂಡ್ಯ)

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಹದಿನೆಂಟು ವರ್ಷದಿಂದ ಇದೇ ಕೆಲಸ. ಅರ್ಜಿ, ಅಫಿಡವಿಟ್, ಬಾಡಿಗೆ ಕರಾರು, ಲಗ್ನಪತ್ರಿಕೆ, ತಿಥಿ ಕಾರ್ಡು. ಎಲ್ಲಾ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲೇ. ದಿನಕ್ಕೆ ಹತ್ತು ಗಂಟೆ ಕೀಬೋರ್ಡ್ ಮುಂದೆ ಕೂರುತ್ತೇನೆ.

ಆರು ತಿಂಗಳಿಂದ ಬಲಗೈ ಜೋಮು ಹಿಡಿಯುತ್ತಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರಕ್ಕೂ. ರಾತ್ರಿ ಎರಡು ಗಂಟೆಗೆ ಎಚ್ಚರ ಆಗುತ್ತದೆ. ಕೈ ಕೊಡವಿದರೆ ಸ್ವಲ್ಪ ವಾಸಿ. ಮೌಸ್ ಹಿಡಿದ ದಿನ ನೋವು ಜಾಸ್ತಿ.

ಮೊನ್ನೆ ನನ್ನ ಅಕ್ಕನ ಮಗ ಒಂದು ವಿಡಿಯೋ ತೋರಿಸಿದ. ಗ್ಲೌಸ್ ಹಾಕಿಕೊಂಡು ಬೆರಳು ಮಡಚಿದರೆ ಸಾಕು, ಪರದೆ ಮೇಲೆ ಫೈಲ್ ತೆರೆಯುತ್ತದೆ, ಪುಟ ಸರಿಯುತ್ತದೆ. ಇಂಥದ್ದು ನನ್ನ ಕೆಲಸಕ್ಕೆ ಆಗುತ್ತಾ? ಮೌಸ್ ಬಿಟ್ಟರೂ ಸಾಕು, ಅರ್ಧ ನೋವು ಹೋಗುತ್ತದೆ. ಮೂರು ಸಾವಿರದವರೆಗೆ ಖರ್ಚು ಮಾಡಬಲ್ಲೆ. ನನಗೆ ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲ. ತಿಳಿದವರು ಹೇಳಿ.

ಸರ್ಕ್ಯೂಟ್ ಹುಡುಗಿ (ಮಂಡ್ಯ)

ಅಣ್ಣ, ನಾನು ಇಂಜಿನಿಯರಿಂಗ್ ಕೊನೆ ವರ್ಷ. ನಮ್ಮ ಪ್ರಾಜೆಕ್ಟೇ ಇಂಥ ಗ್ಲೌಸ್. ನಾವು ಮಾಡಿದ್ದು ಸನ್ನೆಯನ್ನು ಮಾತಿಗೆ ತಿರುಗಿಸುವುದಕ್ಕೆ. ಆದರೆ ಒಳಗಿನ ಕೆಲಸ ಒಂದೇ.

ಪ್ರತಿ ಬೆರಳ ಮೇಲೂ ಒಂದು ಫ್ಲೆಕ್ಸ್ ಸೆನ್ಸರ್ ಹೊಲಿಯುತ್ತೇವೆ. ಅದು ತೆಳ್ಳಗಿನ ಪಟ್ಟಿ. ಮೇಲೆ ಇಂಗಾಲದ ಶಾಯಿ ಬಳಿದಿರುತ್ತದೆ. ಬಗ್ಗಿಸಿದರೆ ಶಾಯಿಯ ಕಣಗಳು ದೂರ ದೂರ ಆಗುತ್ತವೆ, ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅಡ್ಡಿ, ಏರುತ್ತದೆ. ಆರ್ಡುಯಿನೋ ಅನ್ನೋ ಸಣ್ಣ ಕಂಪ್ಯೂಟರ್ ಬೋರ್ಡ್ ಅದನ್ನು 0 ರಿಂದ 1023ರ ನಡುವಿನ ಸಂಖ್ಯೆಯಾಗಿ ಓದುತ್ತದೆ. ಮುಂಗೈ ಮೇಲೆ ಎಂಪಿಯು-6050 ಅನ್ನೋ ಚಿಪ್. ಕೈ ಯಾವ ಕಡೆ ವಾಲಿದೆ, ಎಷ್ಟು ಬೇಗ ತಿರುಗಿದೆ ಅಂತ ಅದು ಹೇಳುತ್ತದೆ.

ತೊಂದರೆ ಇದೆ ಅಣ್ಣ, ಮುಚ್ಚಿಡುವುದಿಲ್ಲ. ಬೆಳಿಗ್ಗೆ ಸರಿಯಾಗಿ ಕೆಲಸ ಮಾಡಿದ್ದು ಮಧ್ಯಾಹ್ನ ಕೈಕೊಡುತ್ತದೆ. ನಾನು ಹಾಕಿಕೊಂಡರೆ ಒಂದು ಸಂಖ್ಯೆ, ನನ್ನ ಗೆಳತಿ ಹಾಕಿಕೊಂಡರೆ ಇನ್ನೊಂದು. ಮೌಸ್ ತರಹ ಬಳಸಿದರೆ ಬಾಣ ತಾನಾಗಿ ಒಂದು ಪಕ್ಕಕ್ಕೆ ಜಾರುತ್ತದೆ. ಪ್ರಾಜೆಕ್ಟ್ ತೋರಿಸುವ ದಿನ ಉಂಗುರದ ಬೆರಳಿನ ಸೆನ್ಸರ್ ಬುಡದಲ್ಲೇ ಮುರಿದುಹೋಯಿತು.

ಬೆಸುಗೆ (ಮೈಸೂರು)

ಮಗಳೇ, ಇಷ್ಟು ಬಿಡಿಸಿ ಹೇಳಿದ್ದು ಒಳ್ಳೆಯದಾಯಿತು. ನಾನು ಮೂವತ್ತು ವರ್ಷ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಒಂದೊಂದಾಗಿ ನೋಡೋಣ.

ಸೆನ್ಸರ್ ಜೊತೆ ಯಾವ ರೆಸಿಸ್ಟರ್ ಹಾಕಿದ್ದೀರಿ? 10 ಕಿಲೋ ಓಮ್ ಇರಬೇಕು (ಓಮ್ ಅಂದರೆ ರೆಸಿಸ್ಟೆನ್ಸ್ ಅಳತೆ). ಎಲ್ಲರೂ ಅದನ್ನೇ ಹಾಕುತ್ತಾರೆ. ನನ್ನ ಬಳಿ ಇರುವ ಎರಡೂಕಾಲು ಇಂಚಿನ ಸೆನ್ಸರ್ ನೆಟ್ಟಗಿದ್ದಾಗ 25 ಕಿಲೋ ಓಮ್, ಪೂರ್ತಿ ಮಡಚಿದಾಗ 60. ಇದಕ್ಕೆ 10 ಹಾಕಿದರೆ ಓದುವ ಸಂಖ್ಯೆ 292ರಿಂದ 146ಕ್ಕೆ ಇಳಿಯುತ್ತದೆ. ಅಂದರೆ 146 ಮೆಟ್ಟಿಲು. ಅದೇ 39 ಕಿಲೋ ಓಮ್ ಹಾಕಿ ನೋಡಿ. 623ರಿಂದ 403. ಈಗ 220 ಮೆಟ್ಟಿಲು ಸಿಕ್ಕಿತು. ಮೆಟ್ಟಿಲು ಜಾಸ್ತಿ ಇದ್ದಷ್ಟೂ ಬೆರಳು ಎಷ್ಟು ಬಗ್ಗಿದೆ ಅಂತ ಚೆನ್ನಾಗಿ ತಿಳಿಯುತ್ತದೆ. ಸೆನ್ಸರಿನ ಕನಿಷ್ಠ ಮತ್ತು ಗರಿಷ್ಠವನ್ನು ಗುಣಿಸಿ ವರ್ಗಮೂಲ ತೆಗೆದರೆ ಬೇಕಾದ ರೆಸಿಸ್ಟರ್ ಸಿಗುತ್ತದೆ. ಇನ್ನೊಂದು ವಿಷಯ. ಬೆರಳು ಮಡಚಿದೆ ಅನ್ನುವ ಗಡಿ, ಬಿಟ್ಟಿದೆ ಅನ್ನುವ ಗಡಿ ಎರಡೂ ಒಂದೇ ಆಗಬಾರದು. 450ಕ್ಕೆ ಇಳಿದಾಗ ಮಡಚಿದೆ, 520 ದಾಟಿದಾಗ ಬಿಟ್ಟಿದೆ ಅಂತ ಇಡಿ. ನಡುವೆ ಎಷ್ಟು ನಡುಗಿದರೂ ಕೇಳಬೇಡಿ.

ಬಾಣ ಜಾರುವುದಕ್ಕೆ ನಿಮ್ಮ ತಪ್ಪು ಕಾರಣ ಅಲ್ಲ. ಆ ಚಿಪ್‌ನಲ್ಲಿ ದಿಕ್ಸೂಚಿ ಇಲ್ಲ. ಮೇಲೆ ಕೆಳಗೆ ವಾಲಿದ್ದನ್ನು ಭೂಮಿಯ ಸೆಳೆತ ನೋಡಿ ಸರಿಮಾಡಿಕೊಳ್ಳುತ್ತದೆ. ಎಡಕ್ಕೆ ಬಲಕ್ಕೆ ತಿರುಗಿದ್ದಕ್ಕೆ ಹಿಡಿಯಲು ಏನೂ ಆಸರೆ ಇಲ್ಲ. ಸಣ್ಣ ಸಣ್ಣ ತಪ್ಪು ಸೇರುತ್ತಾ ಹೋಗುತ್ತದೆ. ಸೆನ್ಸರ್ ಬುಡ ಮುರಿಯುವುದೂ ಎಲ್ಲರಿಗೂ ಆಗುವುದೇ. ಪಿನ್ ಸೇರುವ ಜಾಗ ಬಗ್ಗದ ಹಾಗೆ ಗಟ್ಟಿ ರಟ್ಟು ಇಟ್ಟು ಸುತ್ತಬೇಕು.

ಗ್ಲೌಸ್ ಹೊಸ ಐಡಿಯಾ ಏನಲ್ಲ. 1977ರಲ್ಲಿ ಷಿಕಾಗೋದಲ್ಲಿ ಡಿಫಾಂಟಿ ಮತ್ತು ಸ್ಯಾಂಡಿನ್ ಅನ್ನುವವರು ಒಂದು ಮಾಡಿದರು. ಸೇಯರ್ ಗ್ಲೋವ್ ಅಂತ ಹೆಸರು. ಬೆರಳ ಉದ್ದಕ್ಕೂ ಮೆತ್ತನೆ ಕೊಳವೆ, ಒಂದು ತುದಿಯಲ್ಲಿ ದೀಪ, ಇನ್ನೊಂದು ತುದಿಯಲ್ಲಿ ಬೆಳಕು ಅಳೆಯುವ ಸೆಲ್. ಬೆರಳು ಬಗ್ಗಿದಷ್ಟೂ ಬೆಳಕು ಕಡಿಮೆ. ಎಷ್ಟು ಸರಳ, ಅಲ್ವಾ? ಮುಂದೆ ಬೆಲ್ ಲ್ಯಾಬ್ಸ್‌ನ ಗ್ಯಾರಿ ಗ್ರೈಮ್ಸ್ ಬೆರಳಚ್ಚಿಗೇ ಅಂತ ಒಂದು ಗ್ಲೌಸ್ ಮಾಡಿ 1983ರಲ್ಲಿ ಪೇಟೆಂಟ್ ಪಡೆದರು. 1987ರಲ್ಲಿ ವಿಪಿಎಲ್ ಕಂಪನಿಯ ಡೇಟಾಗ್ಲೋವ್ ಬಂತು. ಅದರಲ್ಲಿ ಆಪ್ಟಿಕಲ್ ಫೈಬರ್. ಬೆಲೆ ಸಾವಿರಾರು ಡಾಲರ್. 1989ರಲ್ಲಿ ನಿಂಟೆಂಡೋ ಆಟಕ್ಕೆ ಅಂತ ಮ್ಯಾಟೆಲ್ ಕಂಪನಿ ಪವರ್ ಗ್ಲೋವ್ ಮಾರಿತು. ಫೈಬರ್ ಬದಲು ಶಾಯಿ ಬಳಿದ ಪಟ್ಟಿ ಬಂದದ್ದರಿಂದ ಬೆಲೆ ನೂರು ಡಾಲರ್ ಒಳಗೆ ಬಂತು. ಮಕ್ಕಳ ಕೈಗೆ ಸಿಕ್ಕಿತು.

ಇಷ್ಟು ಬಂದರೂ ಮೌಸ್ ಹೋಗಲಿಲ್ಲ. ಯಾಕೆ ಅಂತ ಯೋಚಿಸಬೇಕು. ಮೌಸ್ ಹಿಡಿದಾಗ ಕೈ ಮೇಜಿನ ಮೇಲೆ ಒರಗಿರುತ್ತದೆ. ಗ್ಲೌಸ್ ಹಾಕಿದ ಕೈಯನ್ನು ಗಾಳಿಯಲ್ಲಿ ಹಿಡಿದೇ ಇರಬೇಕು. ಹತ್ತು ಗಂಟೆ ಹಾಗೆ ಹಿಡಿಯಲು ಯಾರಿಂದ ಆಗುತ್ತದೆ?

ಹೆಬ್ಬಾಳದ ಟೆಕ್ಕಿ (ಮೈಸೂರು)

ಗ್ಲೌಸ್ ಯಾಕೆ ಸರ್? ಈಗ ವೆಬ್‌ಕ್ಯಾಮ್ ಸಾಕು. ಕ್ಯಾಮೆರಾದಲ್ಲಿ ಕೈ ಗುರುತಿಸುವ ಗೂಗಲ್‌ನ ಮೀಡಿಯಾಪೈಪ್ ಸಾಫ್ಟ್‌ವೇರ್ 2019ರಿಂದ ಎಲ್ಲರಿಗೂ ಪುಕ್ಕಟೆ ಸಿಗುತ್ತಿದೆ. ಒಂದು ಕೈಯಲ್ಲಿ 21 ಬಿಂದು ಗುರುತಿಸುತ್ತದೆ. ಕೈಗೆ ಏನೂ ಹಾಕಿಕೊಳ್ಳಬೇಕಾಗಿಲ್ಲ.

ಅರ್ಜಿ ಅಂಗಡಿ (ಮಂಡ್ಯ)

ಟೆಕ್ಕಿ ಸರ್, ನಿಮ್ಮ ಮಾತು ಕೇಳಿ ಅಕ್ಕನ ಮಗನ ಕೈಲಿ ಹಾಕಿಸಿ ನೋಡಿದೆ. ಚೆನ್ನಾಗಿಯೇ ಇದೆ. ಆದರೆ ನನ್ನ ಅಂಗಡಿ ಎಂಟಡಿ ಅಗಲ. ನನ್ನ ಹೆಗಲ ಹಿಂದೆ ಯಾವಾಗಲೂ ಇಬ್ಬರು ಮೂವರು ನಿಂತು "ಅಲ್ಲಿ ಸರ್ವೆ ನಂಬರ್ ತಪ್ಪಾಗದೆ, ನೋಡಣ್ಣ" ಅಂತ ಪರದೆ ಕಡೆ ಬೆರಳು ತೋರಿಸುತ್ತಾರೆ. ಕ್ಯಾಮೆರಾ ಅವರ ಕೈಯನ್ನೂ ನನ್ನದೇ ಅಂದುಕೊಂಡಿತು. ಒಬ್ಬರ ಅರ್ಜಿಯಲ್ಲಿ ಒಂದು ಪ್ಯಾರಾ ಅಳಿಸಿಹೋಯಿತು. ಜೊತೆಗೆ ಬೆಸುಗೆ ಸರ್ ಹೇಳಿದ್ದು ನಿಜ. ಕಾಲು ಗಂಟೆಗೆ ತೋಳು ಸೋತುಹೋಯಿತು.

ಮಣಿಕಟ್ಟು (ಮೈಸೂರು)

ನಾನು ಫಿಸಿಯೋಥೆರಪಿಸ್ಟ್. ಗ್ಲೌಸ್ ಮಾತು ಆಮೇಲೆ. ಅಂಗಡಿ ಅಣ್ಣನವರೇ, ಮೊದಲು ಡಾಕ್ಟರಿಗೆ ಕೈ ತೋರಿಸಿ.

ನೀವು ಹೇಳಿದ ಲಕ್ಷಣ ಕಾರ್ಪಲ್ ಟನಲ್ ತೊಂದರೆಯನ್ನು ಹೋಲುತ್ತದೆ. ಮಣಿಕಟ್ಟಿನ ಒಳಗೆ ಒಂದು ಇಕ್ಕಟ್ಟಾದ ದಾರಿ ಇದೆ. ಅದರಲ್ಲಿ ಬೆರಳು ಮಡಚುವ ಒಂಬತ್ತು ಸ್ನಾಯುರಜ್ಜುಗಳ ಜೊತೆ ಮೀಡಿಯನ್ ನರವೂ ಹೋಗುತ್ತದೆ. ರಜ್ಜುಗಳ ಸುತ್ತ ಊತ ಬಂದರೆ ನರ ಅಮುಕುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳಿನ ಅರ್ಧ ಜೋಮು ಹಿಡಿಯುತ್ತವೆ. ಕಿರುಬೆರಳಿಗೆ ಬೇರೆ ನರ, ಹಾಗಾಗಿ ಅದು ಚೆನ್ನಾಗಿರುತ್ತದೆ. ನಿಮ್ಮ ಕಿರುಬೆರಳು ಹೇಗಿದೆ ಗಮನಿಸಿ. ನರದ ಪರೀಕ್ಷೆ ಮಾಡಿಸಿದರೆ ಖಚಿತವಾಗುತ್ತದೆ. ರಾತ್ರಿ ಮಣಿಕಟ್ಟು ನೆಟ್ಟಗಿಡುವ ಪಟ್ಟಿ ಕಟ್ಟಿಕೊಂಡು ಮಲಗಿದರೆ ಎಷ್ಟೋ ಜನಕ್ಕೆ ಹಾಯೆನಿಸುತ್ತದೆ.

ಗ್ಲೌಸ್ ಮಾಡಿಸುವುದೇ ಆದರೆ ಮೂರು ಮಾತು. ಮಣಿಕಟ್ಟಿನ ಹತ್ತಿರ ಬಿಗಿಯಾದ ಎಲಾಸ್ಟಿಕ್ ಬೇಡವೇ ಬೇಡ. ಬೆರಳನ್ನು ಪೂರ್ತಿ ಮಡಚಿ ಬಿಡಿಸುವ ಕೆಲಸ ಸಾವಿರ ಸಲ ಮಾಡಿದರೆ ಅದೇ ರಜ್ಜುಗಳಿಗೆ ಮತ್ತೆ ಕೆಲಸ. ನೋವಿರುವ ಬಲಗೈಗಂತೂ ಹಾಕಲೇಬೇಡಿ.

ಆದಿತಾಳ (ಮೈಸೂರು)

ನಾನು ಸಂಗೀತ ಹೇಳಿಕೊಡುವವಳು. ಎಲೆಕ್ಟ್ರಾನಿಕ್ಸ್ ತಿಳಿಯದು. ಆದರೆ ಓದುತ್ತಾ ಒಂದು ಹೊಳೆಯಿತು.

ಆದಿತಾಳ ಹಾಕುವಾಗ ಮೊದಲು ಒಂದು ತಟ್ಟು. ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು ಎಣಿಸುತ್ತೇವೆ. ಅದು ಲಘು. ಆಮೇಲೆ ತಟ್ಟು, ಬೀಸು, ತಟ್ಟು, ಬೀಸು. ಎಂಟು ಅಕ್ಷರ, ಅಂದರೆ ಎಂಟು ಎಣಿಕೆ. ಆರು ವರ್ಷದ ಮಗುವಿಗೂ ವಾರದಲ್ಲಿ ಬರುತ್ತದೆ. ಎರಡು ಗಂಟೆ ಕಛೇರಿ ಕೇಳುತ್ತಾ ತೊಡೆ ಮೇಲೆ ತಾಳ ಹಾಕಿದರೂ ಕೈ ನೋಯುವುದಿಲ್ಲ. ಯಾಕೆಂದರೆ ಬೆರಳು ಮಡಚುವುದಿಲ್ಲ, ತಾಗಿಸುತ್ತೇವೆ ಅಷ್ಟೇ. ಉಂಗುರದ ಬೆರಳೊಂದನ್ನೇ ಮಡಚು ಅಂದರೆ ಮಕ್ಕಳಿಗೆ ಆಗುವುದಿಲ್ಲ, ಕಿರುಬೆರಳೂ ಜೊತೆಗೆ ಬರುತ್ತದೆ. ತಾಗಿಸು ಅಂದರೆ ಎಲ್ಲರಿಗೂ ಆಗುತ್ತದೆ.

ನಮ್ಮಜ್ಜಿ ಜಪ ಮಾಡುವಾಗ ಹೆಬ್ಬೆರಳಿನಿಂದ ಬೆರಳ ಗೆಣ್ಣು ಮುಟ್ಟಿ ಮುಟ್ಟಿ ಎಣಿಸುತ್ತಿದ್ದರು. ಕೈ ಸೆರಗಿನೊಳಗೆ ಇರುತ್ತಿತ್ತು. ಕಣ್ಣು ಮುಚ್ಚಿರುತ್ತಿತ್ತು. ಒಂದೂ ತಪ್ಪುತ್ತಿರಲಿಲ್ಲ.

ಬೆಸುಗೆ (ಮೈಸೂರು)

ತಾಯಿ, ನೀವು ಹೇಳಿದ್ದು ಓದಿ ಎದ್ದು ಕೂತೆ. ಇದೇ ದಾರಿ.

ನಾಲ್ಕು ಬೆರಳು, ಒಂದೊಂದರಲ್ಲೂ ಮೂರು ಗೆಣ್ಣು. ಒಟ್ಟು ಹನ್ನೆರಡು ಜಾಗ. ಹೆಬ್ಬೆರಳಿಗೆ ಒಂದು ತಂತಿ, ಅದು ಗ್ರೌಂಡ್, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿ. ಹನ್ನೆರಡು ಗೆಣ್ಣಿಗೆ ಹನ್ನೆರಡು ತಂತಿ. ಮುಟ್ಟಿದರೆ ಸರ್ಕ್ಯೂಟ್ ಪೂರ್ತಿ, ಬಿಟ್ಟರೆ ಇಲ್ಲ. ಬಗ್ಗಿದ್ದು ಎಷ್ಟು ಅಂತ ಅಳೆಯುವುದೇ ಬೇಡ. ಫ್ಲೆಕ್ಸ್ ಸೆನ್ಸರ್ ಬೇಡ, ಜಾರುವ ಚಿಪ್ ಬೇಡ, ದಿನಾ ಸರಿಹೊಂದಿಸುವ ರಗಳೆ ಬೇಡ. ಯಾರು ಹಾಕಿಕೊಂಡರೂ ಒಂದೇ. ಕೈ ತೊಡೆ ಮೇಲಿರಲಿ, ಮೇಜಿನ ಮೇಲಿರಲಿ.

ಆರ್ಡುಯಿನೋ ತರಹದ್ದೇ ಆದ ಪ್ರೋ ಮೈಕ್ರೋ ಅನ್ನುವ ಸಣ್ಣ ಬೋರ್ಡ್ ಬಳಸೋಣ. ಅದರ ಚಿಪ್ ಎಟಿಮೆಗಾ 32ಯು4. ಯುಎಸ್‌ಬಿಗೆ ಚುಚ್ಚಿದರೆ ಕಂಪ್ಯೂಟರ್ ಅದನ್ನು ಕೀಬೋರ್ಡ್ ಅಂತಲೇ ನೋಡುತ್ತದೆ. ಬೇರೆ ಸಾಫ್ಟ್‌ವೇರ್ ಬೇಡ. ನುಡಿಯಲ್ಲಿ ಕೆ ಒತ್ತಿದರೆ ಕ ಬರುತ್ತದಲ್ಲ, ಬೋರ್ಡ್ ಕೂಡ ಆ ಕೆ ಕೀಯನ್ನೇ ಕಳಿಸುತ್ತದೆ. ನುಡಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಇಲ್ಲಿ ಒಬ್ಬರನ್ನು ನೆನೆಯಬೇಕು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಸ್ ಎಂಗಲ್ಬಾರ್ಟ್ ಮೊದಲ ಸಲ ಮೌಸನ್ನು ಜನರ ಮುಂದೆ ತೋರಿಸಿದರು. ಮೌಸ್ ಎಲ್ಲರಿಗೂ ನೆನಪಿದೆ. ಆ ದಿನ ಅವರ ಎಡಗೈ ಕೆಳಗೆ ಐದು ಕೀಗಳ ಸಣ್ಣ ಮಣೆಯೂ ಇತ್ತು. ಐದು ಕೀಗಳನ್ನು ಒಂದೊಂದಾಗಿ, ಬೇರೆ ಬೇರೆ ಗುಂಪಾಗಿ ಒತ್ತಿದರೆ 31 ಸಂಕೇತ. ಬಲಗೈ ಮೌಸ್ ಬಿಡದೆ ಎಡಗೈಯಲ್ಲೇ ಅಕ್ಷರ ಹೊಡೆಯುತ್ತಿದ್ದರು. ಮೌಸ್ ಉಳಿಯಿತು, ಮಣೆ ಮರೆಯಾಯಿತು. ನನಗೆ ಇದು ಇವತ್ತಿಗೂ ಬೇಸರದ ವಿಷಯ.

ಇನ್ನು ಬಟ್ಟೆ. ವಿದ್ಯುತ್ ಹರಿಯುವ ದಾರ ದುಬಾರಿ. ಆದರೆ ಹಳೆಯ ಮೈಸೂರು ಸಿಲ್ಕ್ ಸೀರೆಯ ಅಸಲಿ ಜರಿ ಇದೆಯಲ್ಲ, ಅದರಲ್ಲಿ ರೇಷ್ಮೆ ನೂಲಿಗೆ ಬೆಳ್ಳಿ ಎಳೆ ಸುತ್ತಿ ಮೇಲೆ ಚಿನ್ನದ ಲೇಪ ಕೊಟ್ಟಿರುತ್ತಾರೆ. ಅದು ಸೊಗಸಾಗಿ ವಿದ್ಯುತ್ ಹರಿಸುತ್ತದೆ. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನವರು 1990ರ ದಶಕದಲ್ಲಿ ಬಟ್ಟೆಯಲ್ಲಿ ಸರ್ಕ್ಯೂಟ್ ಮಾಡಲು ಹೊರಟಾಗ ಭಾರತದಲ್ಲಿ ನೇಯ್ದ ಲೋಹದ ಎಳೆಯ ರೇಷ್ಮೆಯನ್ನೇ ಬಳಸಿದ್ದರು. ಈಗ ಸಿಗುವ ಪ್ಲಾಸ್ಟಿಕ್ ಜರಿ ಆಗುವುದಿಲ್ಲ. ಕರೆಂಟ್ ಹರಿಯುತ್ತದಾ ಅಂತ ನೋಡುವ ಮಲ್ಟಿಮೀಟರ್ ಹಚ್ಚಿ, ಬೀಪ್ ಅಂದರೆ ನಮ್ಮ ಕೆಲಸಕ್ಕೆ ಆಗುತ್ತದೆ.

ಅಂಗಡಿಯವರೇ, ಒಂದು ಭಾನುವಾರ ಮೈಸೂರಿಗೆ ಬನ್ನಿ. ಬೆಸುಗೆ ಕೆಲಸ ನನ್ನದು.

ಮಣಿಕಟ್ಟು (ಮೈಸೂರು)

ಬೆಸುಗೆ ಸರ್, ಮಡಚುವುದಕ್ಕಿಂತ ಮುಟ್ಟುವುದು ಎಷ್ಟೋ ಮೇಲು. ಒಪ್ಪುತ್ತೇನೆ. ಆದರೆ ಲೆಕ್ಕ ನೋಡಿ. ದಿನಕ್ಕೆ ಇಪ್ಪತ್ತು ಸಾವಿರ ಅಕ್ಷರ ಟೈಪ್ ಮಾಡುವವರು ಅಷ್ಟನ್ನೂ ಒಂದೇ ಹೆಬ್ಬೆರಳಿನ ಮೇಲೆ ಹಾಕಿದರೆ ಹೆಬ್ಬೆರಳ ಬುಡದ ಕೀಲು ಸವೆಯುತ್ತದೆ, ಮಣಿಕಟ್ಟಿನ ಪಕ್ಕದ ರಜ್ಜು ಊದಿಕೊಳ್ಳುತ್ತದೆ. ಒಂದು ನೋವು ಬಿಟ್ಟು ಇನ್ನೊಂದು ನೋವು. ಅಕ್ಷರಕ್ಕೊಂದು ಮುಟ್ಟು ಬೇಡ. ಕಡಿಮೆ ಮುಟ್ಟಿ ಜಾಸ್ತಿ ಕೆಲಸ ಆಗುವ ದಾರಿ ಹುಡುಕಿ.

ಸನ್ನೆಮಾತು (ಮೈಸೂರು)

ಸರ್ಕ್ಯೂಟ್ ಹುಡುಗಿ, ನಿಮಗೊಂದು ಮಾತು. ನನ್ನ ತಮ್ಮನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಮನೆಯಲ್ಲಿ ನಾವೆಲ್ಲ ಸನ್ನೆ ಭಾಷೆಯಲ್ಲೇ ಮಾತಾಡುತ್ತೇವೆ.

ನಿಮ್ಮ ಗ್ಲೌಸ್ ಯಾವ ಸನ್ನೆ ಓದುತ್ತದೆ? ಒಂದೇ ಕೈಯಲ್ಲಿ ಎ ಬಿ ಸಿ ಡಿ ತೋರಿಸುವುದಾದರೆ ಅದು ಅಮೆರಿಕದ್ದು. ಭಾರತೀಯ ಸನ್ನೆ ಭಾಷೆಯಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಹೆಚ್ಚಾಗಿ ಎರಡೂ ಕೈ ಬೇಕು. ಅದೂ ಬರೀ ಅಕ್ಷರದ ಮಾತಾಯಿತು. ನನ್ನ ತಮ್ಮ ಪ್ರಶ್ನೆ ಕೇಳುವಾಗ ಹುಬ್ಬು ಮಾತಾಡುತ್ತದೆ. ಸಿಟ್ಟು ಬಂದಾಗ ಹೆಗಲು ಮಾತಾಡುತ್ತದೆ. ಒಂದೇ ಸನ್ನೆ ಎದೆಯ ಹತ್ತಿರ ಮಾಡಿದರೆ ಒಂದು ಅರ್ಥ, ಹಣೆಯ ಹತ್ತಿರ ಮಾಡಿದರೆ ಇನ್ನೊಂದು. ಗ್ಲೌಸಿಗೆ ಮುಖ ಕಾಣುವುದಿಲ್ಲ. 2016ರಲ್ಲಿ ಅಮೆರಿಕದ ಇಬ್ಬರು ವಿದ್ಯಾರ್ಥಿಗಳ ಸೈನ್‌ಅಲೌಡ್ ಗ್ಲೌಸಿಗೆ ದೊಡ್ಡ ಬಹುಮಾನ ಬಂದಾಗ ಕಿವುಡ ಸಮುದಾಯದವರು ಇದನ್ನೇ ಹೇಳಿದ್ದು.

ಬೇಸರ ಮಾಡಿಕೊಳ್ಳಬೇಡಿ. ಹಾಕಿಕೊಳ್ಳುವವರನ್ನು ಮೊದಲು ಕೇಳಿ, ಆಮೇಲೆ ಮಾಡಿ. ಅಷ್ಟೇ ನನ್ನ ಕೋರಿಕೆ.

ಸರ್ಕ್ಯೂಟ್ ಹುಡುಗಿ (ಮಂಡ್ಯ)

ಅಕ್ಕ, ಬೇಸರ ಇಲ್ಲ. ನಾವು ಆರು ತಿಂಗಳು ಕೆಲಸ ಮಾಡಿದೆವು. ಒಬ್ಬ ಕಿವುಡರನ್ನೂ ಮಾತಾಡಿಸಲಿಲ್ಲ. ನಿಮ್ಮ ತಮ್ಮನನ್ನು ಭೇಟಿ ಮಾಡಬಹುದಾ? ಅವರಿಗೆ ಏನು ಬೇಕು ಅಂತ ಕೇಳುತ್ತೇನೆ. ಗ್ಲೌಸ್ ಅಲ್ಲದಿದ್ದರೂ ಸರಿ.

ಅಂಗಡಿ ಅಣ್ಣ, ನಿಮ್ಮ ಗ್ಲೌಸಿನ ಪ್ರೋಗ್ರಾಂ ನಾನು ಬರೆದುಕೊಡುತ್ತೇನೆ. ಇಲ್ಲಿ ಹಾಕಿಕೊಳ್ಳುವವರು ಯಾರು, ಏನು ಬೇಕು ಎರಡೂ ಗೊತ್ತು.

ಅರ್ಜಿ ಅಂಗಡಿ (ಮಂಡ್ಯ)

ಐದು ವಾರ ಆಯಿತು. ಏನಾಯಿತು ಅಂತ ಎಲ್ಲರಿಗೂ ಹೇಳಲೇಬೇಕು.

ಡಾಕ್ಟರ್ ನೋಡಿದರು. ಮಣಿಕಟ್ಟು ಮೇಡಂ ಹೇಳಿದ್ದೇ ಕಾಯಿಲೆ. ರಾತ್ರಿ ಪಟ್ಟಿ ಕಟ್ಟಿಕೊಳ್ಳುತ್ತೇನೆ, ನಿದ್ದೆ ಬರುತ್ತಿದೆ.

ಮನೆಯಲ್ಲಿ ಅಮ್ಮನ ಧಾರೆ ಸೀರೆ ಇತ್ತು. ಮಡಿಕೆಯಲ್ಲೆಲ್ಲ ಹರಿದು ಉಡಲು ಆಗುತ್ತಿರಲಿಲ್ಲ. ಅಮ್ಮನೇ ಅಂಚು ಬಿಡಿಸಿ ಕೊಟ್ಟರು. "ಪೆಟ್ಟಿಗೇಲಿ ಇದ್ದು ಏನ್ಮಾಡ್ತದೆ, ನಿನ್ ಕೈಗಾದ್ರೂ ಆಗಲಿ" ಅಂದರು. ಬೆಸುಗೆ ಸರ್ ಮನೆಯಲ್ಲಿ ಮೀಟರ್ ಹಚ್ಚಿದ ತಕ್ಷಣ ಬೀಪ್ ಅಂತು. ಆ ಸದ್ದು ಕೇಳಿ ನನಗೆ ಗಂಟಲು ಕಟ್ಟಿತು.

ಎಡಗೈಗೆ ಮಾಡಿದೆವು. ಮೊದಲು ಹನ್ನೆರಡು ಗೆಣ್ಣಿಗೂ ಜರಿ ಹೊಲಿದೆವು. ಬೆರಳ ತುದಿಯಲ್ಲಿ ಜರಿ ಇದ್ದರೆ ಕೀಬೋರ್ಡ್ ಒತ್ತುವಾಗ ಹೆಬ್ಬೆರಳಿಗೆ ತಾಗಿ ಬೇಡದ್ದೆಲ್ಲ ಬರುತ್ತಿತ್ತು. ತುದಿ ನಾಲ್ಕೂ ಕತ್ತರಿಸಿದೆವು. ಕಿರುಬೆರಳ ಬುಡಕ್ಕೆ ಹೆಬ್ಬೆರಳು ಕಷ್ಟಪಟ್ಟು ಹೋಗಬೇಕು, ಅದನ್ನೂ ಬಿಟ್ಟೆವು. ಉಳಿದದ್ದು ಏಳು. ಮಣಿಕಟ್ಟಿನಲ್ಲಿ ಎಲಾಸ್ಟಿಕ್ ಇಲ್ಲ, ಸಡಿಲವಾದ ಒಂದು ಲಾಡಿ.

ಅಕ್ಷರಕ್ಕೊಂದು ಮುಟ್ಟು ಬೇಡ ಅಂದರಲ್ಲ ಮೇಡಂ, ಆ ಮಾತೇ ದಾರಿ ತೋರಿಸಿತು. ಅರ್ಜಿ ಅಂದರೆ ಅರ್ಧ ವಾಕ್ಯಗಳು ಯಾವಾಗಲೂ ಅವೇ. ತೋರುಬೆರಳ ನಡು ಗೆಣ್ಣು ಮುಟ್ಟಿದರೆ "ಮಾನ್ಯರೇ," ಬರುತ್ತದೆ. ಬುಡದ ಗೆಣ್ಣು ಮುಟ್ಟಿದರೆ "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ" ಅನ್ನುವ ಪೂರ್ತಿ ಸಾಲು. ನಡುಬೆರಳಲ್ಲಿ "ತಮ್ಮ ವಿಶ್ವಾಸಿ" ಮತ್ತು ಸ್ಥಳ, ದಿನಾಂಕದ ಸಾಲು. ಉಂಗುರದ ಬೆರಳಲ್ಲಿ ಕಾಪಿ, ಪೇಸ್ಟ್. ಕಿರುಬೆರಳಲ್ಲಿ ಪ್ರಿಂಟ್. ಕಬ್ಬಿನ ಗೆಣ್ಣು ಎಣಿಸುವ ಊರಿನವನಿಗೆ ಏಳು ಗೆಣ್ಣು ನೆನಪಿಡುವುದು ಕಷ್ಟವಾಗಲಿಲ್ಲ. ನಾಲ್ಕನೇ ದಿನಕ್ಕೆ ಕೈ ತಾನಾಗಿ ಹೋಗುತ್ತಿತ್ತು.

ಎರಡು ತೊಂದರೆ ಆಯಿತು. ಬೋರ್ಡ್ ತುಂಬಾ ವೇಗವಾಗಿ ಕಳಿಸಿದ್ದರಿಂದ ಒತ್ತಕ್ಷರ ಬಿಟ್ಟುಹೋಗುತ್ತಿತ್ತು, "ವಿಶ್ವಾಸಿ" ಹೋಗಿ "ವಿಶವಾಸಿ" ಆಗುತ್ತಿತ್ತು. ಸರ್ಕ್ಯೂಟ್ ತಂಗಿ ಎರಡು ಕೀಗಳ ನಡುವೆ 10 ಮಿಲಿಸೆಕೆಂಡ್ ಬಿಡುವು ಇಟ್ಟಳು, ಸರಿಹೋಯಿತು. ಎರಡನೆಯದು ಬೆವರು. ಮಧ್ಯಾಹ್ನ ಎರಡು ಗಂಟೆ ಬಿಸಿಲಿಗೆ ಗ್ಲೌಸ್ ನೆನೆದು, ಮುಟ್ಟದಿದ್ದರೂ ತಾನಾಗಿ "ಮಾನ್ಯರೇ, ಮಾನ್ಯರೇ" ಅಂತ ಬೀಳತೊಡಗಿತು.

ಬೆಸುಗೆ (ಮೈಸೂರು)

ಬೆವರಿನ ವಿಷಯ ಬೇರೆಯವರಿಗೂ ಉಪಯೋಗ ಆಗಲಿ ಅಂತ ಬರೆಯುತ್ತೇನೆ. ಯಾರೂ ಮುಟ್ಟದಿದ್ದಾಗ ಪಿನ್ನಿನ ವೋಲ್ಟೇಜನ್ನು ಮೇಲೆ ಹಿಡಿದಿಡಲು ಚಿಪ್ ಒಳಗೆ ಪುಲ್‌ಅಪ್ ರೆಸಿಸ್ಟರ್ ಇದೆ, ಅದು 20ರಿಂದ 50 ಕಿಲೋ ಓಮ್. ಉಪ್ಪು ಬೆವರಿನಲ್ಲಿ ನೆನೆದ ಬಟ್ಟೆಯೂ ಹೆಚ್ಚುಕಡಿಮೆ ಅಷ್ಟಕ್ಕೇ ಇಳಿಯುತ್ತದೆ. ಚಿಪ್‌ಗೆ ಮುಟ್ಟಿದ್ದು ಯಾವುದು, ಬೆವರು ಯಾವುದು ಅಂತ ಗೊತ್ತಾಗುವುದಿಲ್ಲ. ಹೊರಗಿನಿಂದ ಪ್ರತಿ ಪಿನ್ನಿಗೂ 4.7 ಕಿಲೋ ಓಮ್ ಹಾಕಿದೆವು. ಜರಿಯ ರೆಸಿಸ್ಟೆನ್ಸ್ ಕೆಲವೇ ಓಮ್, ಅದು ಸಲೀಸಾಗಿ ಗೆಲ್ಲುತ್ತದೆ. ಬೆವರು ಸೋಲುತ್ತದೆ. ಜರಿಯ ಬೆಳ್ಳಿ ಬೆವರಿಗೆ ಕಪ್ಪಾಗುತ್ತದೆ, ವಾರಕ್ಕೊಮ್ಮೆ ಮೆತ್ತನೆ ಬಟ್ಟೆಯಲ್ಲಿ ಒರೆಸಬೇಕು. ಉಜ್ಜಬಾರದು.

ಆದಿತಾಳ (ಮೈಸೂರು)

ಎರಡನೇ ಗ್ಲೌಸ್ ಮಾಡುವುದಾದರೆ ಹೇಳಿ. ನನ್ನ ಹತ್ತಿರವೂ ಒಂದು ಹಳೆಯ ಅಂಚಿದೆ.

ಸರ್ಕ್ಯೂಟ್ ಹುಡುಗಿ (ಮಂಡ್ಯ)

ಖಂಡಿತ ಬೇಕು ಮೇಡಂ. ಸನ್ನೆಮಾತು ಅಕ್ಕನ ತಮ್ಮನನ್ನು ಭೇಟಿ ಮಾಡಿದೆ. ಅವರು ಟೈಲರಿಂಗ್ ಮಾಡುತ್ತಾರೆ. ಸನ್ನೆ ಓದುವ ಗ್ಲೌಸ್ ಅವರಿಗೆ ಬೇಡವಂತೆ. ಗಿರಾಕಿ ಬಂದು ಬಾಗಿಲಲ್ಲಿ ಕೂಗಿದರೆ ಮಣಿಕಟ್ಟಿನಲ್ಲಿ ಗುಂಯ್ ಅಂತ ನಡುಗುವ ಪಟ್ಟಿ ಬೇಕಂತೆ. ಹೊಲಿಗೆ ಕೆಲಸವನ್ನು ತಾವೇ ಮಾಡಿಕೊಡುತ್ತೇನೆ ಅಂದರು. ಅಂಚು ಅವರ ಕೈಗೇ ಕೊಡೋಣ. ಮುಂದಿನ ಭಾನುವಾರ ಬೆಳಿಗ್ಗೆಯ ರೈಲಿಗೆ ನಾನೂ ಅಂಗಡಿ ಅಣ್ಣನೂ ಮೈಸೂರಿಗೆ ಬರುತ್ತಿದ್ದೇವೆ.